ತಳ ಹಿಡಿದ ಕೊಪ್ಪರಿಗೆ

ನಮ್ಮ ಕಂಪನಿಯ ಹಳೆಯ ಮುಖ್ಯ ಕೆಮಿಸ್ಟರು ತೀರಿಕೊಂಡು ತಿಂಗಳಾಯಿತು. ಅವರ ನೆನಪಿಗೆ ಒಂದು ಸಣ್ಣ ಪುಸ್ತಕ ತರುತ್ತಾರಂತೆ. ಅದರ ಉಸ್ತುವಾರಿ ಹೊತ್ತ ಆಫೀಸಿನ ಗುಮಾಸ್ತ ಫೋನು ಮಾಡಿದ್ದ. "ಮೇಡಂ, ನೀವೊಂದು ನಾಕು ಪುಟ ಬರ್ಕೊಡ್ಬೇಕು. ನಿಮ್ಮನ್ನ ತಯಾರು ಮಾಡಿದ್ದೇ ಅವ್ರಲ್ವಾ? ಒಳ್ಳೇದೇ ಬರೀರಿ, ಸತ್ತೋರ ವಿಚಾರ. ಮುಖಪುಟದಲ್ಲಿ ಅವ್ರ ಫೋಟೋ, ಕೆಳಗಡೆ ಅವ್ರದೇ ಮಾತು ಆಕ್ತಾ ಇದೀವಿ, 'ತಳ ಹಿಡಿದ ಕೊಪ್ಪರಿಗೆ' ಅಂತ" ಎಂದ.

ಆಗಲಿ, ಬರೆಯುತ್ತೇನೆ ಎಂದೆ. ಹನ್ನೊಂದು ವರ್ಷದಿಂದ ಈ ವಿಷಯವನ್ನು ನನ್ನ ಹತ್ತಿರ ಯಾರೂ ಕೇಳಿರಲಿಲ್ಲ. ಒಳ್ಳೆಯದನ್ನೂ ಬರೆಯುತ್ತೇನೆ, ಅದು ಮೊದಲು ಮುಗಿದುಹೋಗಲಿ. ಅವರ ಹೆಸರು ಮಾತ್ರ ಬರೆಯುವುದಿಲ್ಲ. ಯಾಕೆ ಎಂದು ಕೊನೆಗೆ ಹೇಳುತ್ತೇನೆ.

ನಮ್ಮದು ಮಳವಳ್ಳಿ ದಾಟಿದ ಮೇಲೆ ಸಿಗುವ ಸಣ್ಣ ಕಂಪನಿ. ಬೇರೆ ಕಡೆಯಿಂದ ಮದ್ಯ ತರಿಸಿ, ಹದ ಮಾಡಿ, ಬಾಟಲಿಗೆ ತುಂಬುವುದು ಕೆಲಸ. ಮಂಡ್ಯದ ಗುತ್ತಲಿನಿಂದ ಹೊರಡುವ ವ್ಯಾನಿನಲ್ಲಿ ನಾನು ಹೋಗುತ್ತಿದ್ದೆ, ಅವರು ಮದ್ದೂರಿನಲ್ಲಿ ಹತ್ತುತ್ತಿದ್ದರು. ಹತ್ತಿದ ಕೂಡಲೇ ಕಣ್ಣು ಮುಚ್ಚಿಕೊಂಡು ಕೂರುವುದು ಅವರ ಅಭ್ಯಾಸ. ಕಬ್ಬು ಅರೆಯುವ ಕಾಲದಲ್ಲಿ ಕಣ್ಣು ಬಿಡದೆಯೇ "ಭಾರತೀನಗರ ಬಂತು" ಅನ್ನುತ್ತಿದ್ದರು. ಅದೇನು ದೊಡ್ಡ ವಿದ್ಯೆಯಲ್ಲ, ಅಲ್ಲಿನ ಸಕ್ಕರೆ ಕಾರ್ಖಾನೆಯ ಕಾಕಂಬಿಯ ವಾಸನೆ ನೆಗಡಿ ಬಂದವನಿಗೂ ಹೊಡೆಯುತ್ತದೆ. ಆದರೆ ಅವರು ಮುಂದುವರಿದು, "ಇವತ್ತು ಬಂದಿರೋ ಕಬ್ಬು ಮೂರು ದಿವ್ಸ ಬಿಸ್ಲಲ್ಲಿ ಒಣಗದೆ" ಅನ್ನುತ್ತಿದ್ದರು. ವಿಚಾರಿಸಿದರೆ ಅದು ನಿಜವಾಗಿರುತ್ತಿತ್ತು. ಇದು ಒಳ್ಳೆಯದರ ಲೆಕ್ಕಕ್ಕೆ ಸೇರಲಿ.

ಕೆಲಸಕ್ಕೆಂದು ನಾನು ಮೊದಲ ಸಲ ಹೋದಾಗ ಡಿಗ್ರಿಯ ಕಾಗದ ನೋಡಲೇ ಇಲ್ಲ. ಮುಷ್ಟಿ ಕಟ್ಟಿ ನನ್ನ ಮೂಗಿನ ಹತ್ತಿರ ತಂದು, "ಒಳಗೇನದೆ ಯೇಳು ನೋಡಾನ" ಎಂದರು. "ಒಳಗೇನೂ ಇಲ್ಲ ಸಾರ್. ಆದ್ರೆ ಬೆಳಗ್ಗೆ ನೀವು ಅವರೇಕಾಯಿ ಸುಲಿದಿದ್ದೀರಿ" ಎಂದೆ. ಅವರು ಮುಷ್ಟಿ ಬಿಚ್ಚಿ ತಮ್ಮ ಕೈಯನ್ನು ತಾವೇ ಮೂಸಿ ನೋಡಿಕೊಂಡು ನಕ್ಕರು. "ನಾಳಿಂದ ಬಾ ಅಮ್ಮಿ" ಎಂದರು. ನನ್ನನ್ನು ತಯಾರು ಮಾಡಿದವರು ಅವರು ಅನ್ನುವವರು ಈ ಒಂದು ಸಂಗತಿಯನ್ನು ಗಮನಿಸಬೇಕು. ಆ ಮೂಗು ನನ್ನ ಜೊತೆಯಲ್ಲೇ ಬಂದಿತ್ತು, ಅವರಿಂದ ಪಡೆದದ್ದಲ್ಲ.

ಅದು ಬಂದದ್ದು ನಮ್ಮಪ್ಪನಿಂದ. ಅಪ್ಪ ಆಲೆಮನೆಗಳಲ್ಲಿ ಪಾಕ ನೋಡುವ ಕೆಲಸ ಮಾಡುತ್ತಿದ್ದರು. ಕೊಪ್ಪರಿಗೆಯಲ್ಲಿ, ಅಂದರೆ ಬೆಲ್ಲ ಕಾಯಿಸುವ ಆ ದೊಡ್ಡ ಬಾಣಲೆಯಲ್ಲಿ, ಕಬ್ಬಿನ ಹಾಲು ಕುದಿಯುವಾಗ ಎಲ್ಲರೂ ಬಣ್ಣ ನೋಡಿದರೆ ಅಪ್ಪ ಗಾಳಿ ಮೂಸುತ್ತಿದ್ದರು. ಬುತ್ತಿ ತೆಗೆದುಕೊಂಡು ಹೋದ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ನೋಡವ್ವ, ಆ ತೋಟದೋರ ಆಲೆಮನೇಲಿ ಕೊಪ್ಪರಿಗೆ ತಳ ಇಡೀತಾ ಅದೆ" ಎಂದು ಅಲ್ಲಿಂದಲೇ ಹೇಳುತ್ತಿದ್ದರು. ಆ ವಾಸನೆ ಇವತ್ತಿಗೂ ನನ್ನ ತಲೆಯಲ್ಲಿದೆ. ಮೊದಲು ಸಿಹಿ, ಹಿಂದೆಯೇ ಸಣ್ಣದೊಂದು ಕಹಿ, ಗಂಟಲಲ್ಲಿ ಹೊಗೆ.

ಕೆಮಿಸ್ಟರು ಕಲಿಸಿದ್ದು ಶಿಸ್ತನ್ನು. ಅದನ್ನು ಇಲ್ಲ ಅನ್ನುವುದಿಲ್ಲ. ಸ್ನಾನಕ್ಕೆ ಸೋಪು ಮುಟ್ಟುತ್ತಿರಲಿಲ್ಲ, ಕಡಲೆಹಿಟ್ಟು. ತಲೆಗೆ ಎಣ್ಣೆಯಿಲ್ಲ, ಕೂದಲು ತೆಂಗಿನ ನಾರಿನ ಹಾಗೆ ನಿಂತಿರುತ್ತಿತ್ತು. ಮಧ್ಯಾಹ್ನದವರೆಗೆ ಕಾಫಿಯಿಲ್ಲ. ರುಚಿ ನೋಡುವ ಕೋಣೆಯಲ್ಲಿ ಪೆನ್ನಿನ ಶಾಯಿಯೂ ವಾಸನೆ ಬರುತ್ತದೆ ಎಂದು ಚೀಟಿಗೆ ಪೆನ್ಸಿಲ್ಲಿನಲ್ಲೇ ಬರೆಸುತ್ತಿದ್ದರು. ಒಂದು ಗುಟುಕು ಬಾಯಲ್ಲಿಟ್ಟು, ಅತ್ತಿತ್ತ ಆಡಿಸಿ, ಉಗಿಯಬೇಕು. ಯಾರಾದರೂ ನುಂಗಿದರೆ ಬೈಗುಳ ಶುರು. "ನಮ್ಮ ಜನಕ್ಕೆ ರುಚಿ ಗಂಟ್ಲಲ್ಲಿ ಅದೆ ಕಣ್ರಲಾ, ನಾಲ್ಗೇಲಿಲ್ಲ. ಮುದ್ದೆ ನುಂಗ್ದಂಗೆ ಎಲ್ಲಾನೂ ನುಂಗ್ತೀರಿ."

ಕಪ್ಪು ಲೋಟದ ಪದ್ಧತಿಯೂ ಅವರದೇ. ಗಾಜಿನ ಲೋಟಗಳಿಗೆ ಹೊರಗಡೆ ಕಪ್ಪು ಬಣ್ಣ ಬಳಿಸಿ, ಒಳಗಿರುವುದರ ಬಣ್ಣ ಕಾಣದ ಹಾಗೆ ಮಾಡಿದ್ದರು. "ಕಣ್ಣು ಸುಳ್ಳು ಯೇಳ್ತದೆ, ಮೂಗು ಯೇಳಲ್ಲ" ಅನ್ನುವುದು ಅವರ ವೇದವಾಕ್ಯ. ಲೋಟಗಳನ್ನು ಇಡುವುದಕ್ಕೂ ಒಂದು ಕ್ರಮವಿತ್ತು. ಎಳೆಯದು ಎಡಕ್ಕೆ, ಹಳೆಯದು ಬಲಕ್ಕೆ, ಯಾವತ್ತೂ ತಪ್ಪುವಂತಿಲ್ಲ. ಈ ಎರಡು ಮಾತುಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ಮಲ್ಲಿಗೆ. ನಮ್ಮವ್ವ ದಿನಾ ಬೆಳಗ್ಗೆ ಕಟ್ಟಿ ಮುಡಿಸಿ ಕಳಿಸುತ್ತಿದ್ದಳು. ಕೆಲಸಕ್ಕೆ ಸೇರಿದ ಮೂರನೆಯ ದಿನ ಕೆಮಿಸ್ಟರು ಕೋಣೆಯ ಬಾಗಿಲಲ್ಲೇ ಕೈ ಅಡ್ಡ ಹಿಡಿದರು. "ಹೂವ ಮುಡ್ಕಂಡು ಬರೋಳು ದೇವಸ್ಥಾನಕ್ಕೋಗು, ಇಲ್ಗಲ್ಲ" ಎಂದು ಎಲ್ಲರೆದುರು ಮನೆಗೆ ಕಳಿಸಿದರು. ಒಂದು ಗಂಟೆಗೂ ಮಿಕ್ಕ ದಾರಿ, ಕಣ್ಣೀರು ಒರೆಸಿಕೊಳ್ಳುತ್ತಾ ವಾಪಸು ಹೋದೆ. ಅವತ್ತಿನಿಂದ ಬಿಟ್ಟೆ. ತಂಗಿಯ ಮದುವೆಯ ಮಂಟಪದಲ್ಲೂ ಬೋಳು ಜಡೆಯಲ್ಲೇ ಓಡಾಡಿದೆ, ಮಾರನೆಯ ದಿನ ಕೆಲಸವಿತ್ತಲ್ಲ. ನೆಂಟರು ಏನೇನೋ ಅಂದರು. ಹೆಂಡದ ಕಂಪನಿಯಲ್ಲಿ ಕೆಲಸ ಮಾಡುವ ಹೆಣ್ಣು ಎಂದು ಮೊದಲೇ ಮಾತಿತ್ತು, ಇದೂ ಸೇರಿತು. ಆದರೂ ನನಗೆ ಹೆಮ್ಮೆಯೇ ಇತ್ತು. ಇವರ ನಂತರ ಆ ಕೋಣೆ ನನ್ನದು ಎಂದು ನಂಬಿಕೊಂಡಿದ್ದೆ.

ಐದನೆಯ ವರ್ಷ ಟಕೀಲಾ ಬಂತು. ಮೆಕ್ಸಿಕೋದ ಮದ್ಯ, ಕತ್ತಾಳೆ ಜಾತಿಯ ಗಿಡದ ಗೆಡ್ಡೆ ಬೇಯಿಸಿ ತೆಗೆಯುವುದು. ಬೇಲಿಗೆ ಹಾಕುವ ಕತ್ತಾಳೆಯನ್ನು ಕುಡಿಯುತ್ತಾರಾ ಎಂದು ನಮ್ಮ ಗೇಟಿನವನಿಗೆ ಎರಡು ದಿನ ನಗು. ಭಟ್ಟಿ ಇಳಿಸಿದ ಕೂಡಲೇ ತುಂಬಿದ್ದು ನೀರಿನ ಹಾಗೆ ಬೆಳ್ಳಗಿರುತ್ತದೆ, ಹಸಿ ಮೆಣಸಿನಕಾಯಿ ಮುರಿದ ವಾಸನೆ. ಕೆಲವು ತಿಂಗಳು ಮರದ ಪೀಪಾಯಿಯಲ್ಲಿ ಕೂತರೆ ಒಣಹುಲ್ಲಿನ ಬಣ್ಣ ಬಂದು ಒಣಕೊಬ್ಬರಿಯ ವಾಸನೆ ಸೇರುತ್ತದೆ. ಒಂದು ವರ್ಷ ದಾಟಿದರೆ ತುಪ್ಪ ಕಾಯಿಸುವಾಗ ಕೊನೆಗೆ ಏಳುವ ಪರಿಮಳ. ಮೂರು ವರ್ಷ ದಾಟಿದ್ದು ಜೇನಿನ ಬಣ್ಣ, ಒಣದ್ರಾಕ್ಷಿಯ ಡಬ್ಬಿ ತೆಗೆದ ಹಾಗೆ. ಹಳೆಯದಾದಷ್ಟೂ ಬೆಲೆ ಹೆಚ್ಚು, ಆದ್ದರಿಂದ ಎಳೆಯದಕ್ಕೆ ಬಣ್ಣ ಹಾಕಿ ಹಳೆಯದೆಂದು ಮಾರುವವರೂ ಇದ್ದಾರೆ.

ತರಿಸಿ ಮಾರಬೇಕೆಂದಿದ್ದ ಬೆಂಗಳೂರಿನ ಇಬ್ಬರು ವ್ಯಾಪಾರಿಗಳು ನಾಲ್ಕು ಬಗೆ ತಂದಿದ್ದರು. ಯಾವುದು ನಂಬಿಕೆಗೆ ಯೋಗ್ಯ ಎಂದು ನಾವು ಹೇಳಬೇಕು. ನಮ್ಮ ಕಂಪನಿಯ ಯಜಮಾನರೂ ಬಂದು ಕೂತಿದ್ದರು. ಮೇಜಿನ ಈ ಕಡೆ ಕೆಮಿಸ್ಟರು ಮತ್ತು ನಾನು, ಇಬ್ಬರಿಗೂ ನಾಲ್ಕು ನಾಲ್ಕು ಕಪ್ಪು ಲೋಟ. ನನಗೆ ಮೂರನೆಯ ಲೋಟ ಮೂಗಿನ ಹತ್ತಿರ ಬಂದ ಕೂಡಲೇ ಅಪ್ಪನ ಪಕ್ಕದಲ್ಲಿ ನಿಂತ ಹಾಗಾಯಿತು. ಚೀಟಿಯಲ್ಲಿ ಬರೆದೆ: "ಮೂರನೆಯದು ಮರದಲ್ಲಿ ಕೂತದ್ದಲ್ಲ. ತಳ ಹಿಡಿದ ಕೊಪ್ಪರಿಗೆ. ಬಣ್ಣಕ್ಕೆ ಸಕ್ಕರೆ ಸುಟ್ಟು ಹಾಕಿದ್ದಾರೆ." ಚೀಟಿಯನ್ನು ಬೋರಲು ಹಾಕಿ ಮೇಲೆ ಲೋಟ ಇಟ್ಟೆ. ಕೆಮಿಸ್ಟರು ಇನ್ನೂ ಬರೆದಿರಲಿಲ್ಲ, ಯಜಮಾನರೂ ವ್ಯಾಪಾರಿಗಳೂ ತಮ್ಮ ತಮ್ಮಲ್ಲೇ ಬೆಲೆಯ ಮಾತಿನಲ್ಲಿದ್ದರು. "ಅಮ್ಮಿ, ಬಾಯಿ ಮುಕ್ಕಳಿಸಕ್ಕೆ ನೀರಿಲ್ಲ, ಜಗ್ಗು ತುಂಬ್ಕಂಬಾ" ಎಂದರು. ಹೋದೆ. ತುಂಬಿಕೊಂಡು ಬರುವಷ್ಟರಲ್ಲಿ ಎರಡು ಚೀಟಿಗಳೂ ಯಜಮಾನರ ಕೈಯಲ್ಲಿದ್ದವು.

ಯಜಮಾನರು ಎರಡನ್ನೂ ಗಟ್ಟಿಯಾಗಿ ಓದಿದರು. ಮೂರನೆಯ ಲೋಟದ ಎದುರು ಎರಡರಲ್ಲೂ ಒಂದೇ ಮಾತು, ತಳ ಹಿಡಿದ ಕೊಪ್ಪರಿಗೆ. ವ್ಯಾಪಾರಿಗಳು ಮುಖ ಮುಖ ನೋಡಿಕೊಂಡರು. ಮೂರನೆಯದು ಅವರು ಬೇಕೆಂದೇ ಸೇರಿಸಿದ್ದ ಖೋಟಾ ಮಾಲು. "ಕಂಡುಹಿಡಿದ್ರಿ ಸರಿ. ಆದ್ರೆ ಇಬ್ಬರಿಗೂ ಒಂದೇ ಮಾತು ಹೇಗೆ ಹೊಳೀತು?" ಎಂದು ಒಬ್ಬರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕೆಮಿಸ್ಟರು ನನ್ನ ಕಡೆ ಒಂದು ನೋಟ ಬೀರಿ ನಕ್ಕರು. "ಪಾಪ, ಇನ್ನೂ ಕಲೀತಾ ಅವಳೆ. ನನ್ ಚೀಟಿ ನೋಡ್ಕಂಡವಳೆ. ಬುಡಿ, ಬೈಬ್ಯಾಡಿ."

ಕದ್ದಳು ಎಂದಿದ್ದರೆ ಜಗಳವಾಡುತ್ತಿದ್ದೆನೇನೋ. ಪಾಪ ಎಂದರು. ಜಗ್ಗು ಹಿಡಿದುಕೊಂಡು ನಿಂತೇ ಇದ್ದೆ. ಕೊಪ್ಪರಿಗೆ ಯಾವಾಗ ತಳ ಹಿಡಿಯುತ್ತದೆ ಹೇಳಿ ಸಾರ್ ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಾಗಿತ್ತು, ಆ ಮನುಷ್ಯ ಆಲೆಮನೆಯ ಒಳಗೆ ಕಾಲಿಟ್ಟವರೇ ಅಲ್ಲ. ಕೇಳಲಿಲ್ಲ. ಅದಕ್ಕಾಗಿ ನನ್ನ ಮೇಲೂ ನನಗೆ ಸಿಟ್ಟಿದೆ.

ಚೀಟಿ ನೋಡಿ ಬರೆಯುವವಳನ್ನು ರುಚಿಯ ಕೋಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಮುಂದಿನ ವಾರವೇ ನನ್ನನ್ನು ಲೇಬಲ್ಲು ಅಂಟಿಸುವ ಕಡೆ ಹಾಕಿದರು. ಏಳು ವರ್ಷ ಅಂಟಿನ ವಾಸನೆಯಲ್ಲಿ ಕೂತೆ. ಅಪ್ಪ ಅದೇ ಕಾಲದಲ್ಲಿ ಹೋದರು. ಮಗಳು ಮೂಗಿನ ಕೆಲಸದಲ್ಲೇ ಇದ್ದಾಳೆ ಅಂದುಕೊಂಡೇ ಹೋದರು, ನಾನು ಹೇಳಲಿಲ್ಲ. ಆದರೆ ಮೂಗನ್ನು ಬಿಟ್ಟುಕೊಡಲಿಲ್ಲ. ಸಂಜೆ ಮನೆಗೆ ಬಂದು ಕಣ್ಣು ಮುಚ್ಚಿಕೊಂಡು ಅವ್ವನ ಸಾಂಬಾರ ಡಬ್ಬಿಗಳನ್ನು ಒಂದೊಂದಾಗಿ ಮೂಸುತ್ತಿದ್ದೆ. ಹೂವನ್ನೂ ಮುಡಿಯಲಿಲ್ಲ. "ಈಗ್ಯಾಕೆ ಬೋಳು ಜಡೆ? ಆ ಕ್ವಾಣೆ ಬುಟ್ಟಾಯ್ತಲ್ಲ" ಎಂದು ಅವ್ವ ಕೇಳುತ್ತಿದ್ದಳು. ನಾನು ಬಿಟ್ಟಿರಲಿಲ್ಲ.

ಇತ್ತ ಕೆಮಿಸ್ಟರು ನಮ್ಮಪ್ಪನ ಮಾತನ್ನು ಹೊತ್ತುಕೊಂಡು ಊರೆಲ್ಲ ತಿರುಗಿದರು. ಹೊಸಬರಿಗೆ ಪಾಠ ಮಾಡುವಾಗ ತಳ ಹಿಡಿದ ಕೊಪ್ಪರಿಗೆ. ಸನ್ಮಾನದ ಭಾಷಣದಲ್ಲಿ ತಳ ಹಿಡಿದ ಕೊಪ್ಪರಿಗೆ. ಕಂಪನಿಯವರು ಮುತ್ತತ್ತಿಗೆ ಹೋಗಿ, ಆಂಜನೇಯನಿಗೆ ಕೈ ಮುಗಿದು, ಹೊಳೆ ದಂಡೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಕತೆ. ಬಡಿಸುತ್ತಿದ್ದ ನನ್ನ ಕೈಯಿಂದಲೇ ಸಾರು ಹಾಕಿಸಿಕೊಂಡು ಹೇಳಿದರು. ಸಾರು ಎಲೆಗೆ ಬಿತ್ತು. ಮನಸ್ಸು ಬಯಸಿದ್ದು ಬೇರೆ ಕಡೆ.

ಕೊರೊನಾ ಬಂದು ಹೋಯಿತು. ಅವರಿಗೂ ಬಂದಿತ್ತು, ಹದಿನೈದು ದಿನ ಮಲಗಿ ಎದ್ದು ಬಂದರು. ಅದಾದ ಮೇಲೆ ಒಂದು ದಿನ ಚಿಕ್ಕಮ್ಮನ ಮನೆಯ ಗೃಹಪ್ರವೇಶ ಮುಗಿಸಿ, ಚಿಕ್ಕಮ್ಮ ಬಲವಂತವಾಗಿ ಮುಡಿಸಿದ ಎರಡು ಮೊಳ ಮಲ್ಲಿಗೆಯ ಸಮೇತ ವ್ಯಾನು ಹತ್ತಿದೆ. ಕೆಮಿಸ್ಟರು ಮದ್ದೂರಿನಲ್ಲಿ ಹತ್ತಿ ನನ್ನ ಹಿಂದಿನ ಸೀಟಿನಲ್ಲೇ ಕೂತು ಎಂದಿನಂತೆ ಕಣ್ಣು ಮುಚ್ಚಿದರು. ಹೂವಿಗೆ ಈಗ ಅಂತಾರೆ, ಈಗ ಅಂತಾರೆ ಎಂದು ಕಾದೆ. ಕಾಕಂಬಿಯ ವಾಸನೆ ವ್ಯಾನಿನೊಳಗೆಲ್ಲ ತುಂಬಿಕೊಂಡಿತು. ಅವರು ಕಣ್ಣು ಬಿಟ್ಟು ಡ್ರೈವರನ್ನು ಕೇಳಿದರು, "ಎಲ್ಲಿಗೆ ಬಂದ್ವು?"

ಖಾತ್ರಿ ಮಾಡಿಕೊಳ್ಳಲು ಮಾರನೆಯ ದಿನ ಅವರ ಸೀಟಿನ ಕೆಳಗೆ ಒಂದು ಕವರು ಒಣಮೀನು ಇಟ್ಟೆ. ವ್ಯಾನಿನವರೆಲ್ಲ ಮೂಗು ಮುಚ್ಚಿಕೊಂಡು ಕಿಟಕಿ ತೆಗೆದರು. ಅವರು ನಿಶ್ಚಿಂತೆಯಿಂದ ಪೇಪರು ಓದುತ್ತಿದ್ದರು. ಒಬ್ಬ ಮನುಷ್ಯನ ಇಂಥ ಸಂಕಟ ಗೊತ್ತಾದಾಗ ಮರುಕ ಹುಟ್ಟಬೇಕು. ನನಗೆ ಹಬ್ಬದ ಊಟ ಉಂಡ ಹಾಗಾಯಿತು.

ಕಾಯಬೇಕಾದದ್ದು ಕೆಲವೇ ತಿಂಗಳು. ಯಜಮಾನರು ಮತ್ತೆ ಟಕೀಲಾದ ಮಾತು ಎತ್ತಿದರು. ಮೆಕ್ಸಿಕೋದ ಒಂದೇ ಮನೆತನದ ಮೂರು ಬಾಟಲಿ ಬಂದವು. ಒಂದು ಬಿಳಿಯದು, ಒಂದು ವರ್ಷ ದಾಟಿದ್ದು, ಒಂದು ಮೂರು ವರ್ಷ ದಾಟಿದ್ದು. ಅದೇ ಬೆಂಗಳೂರಿನ ವ್ಯಾಪಾರಿಗಳು, ಅದೇ ಕೋಣೆ. ಸುರಿಯುವ ಹುಡುಗಿಗೆ ಅವತ್ತು ಹುಷಾರಿರಲಿಲ್ಲ, ಕಪ್ಪು ಲೋಟದ ಕ್ರಮ ಗೊತ್ತಿದ್ದವಳು ನಾನೊಬ್ಬಳೇ ಎಂದು ಲೇಬಲ್ಲಿನ ಕಡೆಯಿಂದ ಕರೆಸಿದರು. ಗೋಡೆಯ ಹತ್ತಿರದ ಮೇಜಿನ ಮೇಲೆ ಅವರೆಲ್ಲರಿಗೂ ಬೆನ್ನು ಮಾಡಿ ನಿಂತು ಬಿಳಿಯದರ ಮುಚ್ಚಳ ಮಾತ್ರ ತೆಗೆದೆ. ಎಲ್ಲರ ಮೂರೂ ಲೋಟಗಳಿಗೆ ಅದನ್ನೇ ಸುರಿದೆ.

ಕೆಮಿಸ್ಟರು ಎಡಗಡೆಯ ಲೋಟ ಎತ್ತಿ, "ಹಸಿ ವಾಸ್ನೆ. ಎಳೇದು" ಎಂದರು. ಎರಡನೆಯದಕ್ಕೆ ಕಣ್ಣು ಮುಚ್ಚಿ, "ಆಹಾ, ಕೊಬ್ರಿ. ಕಾಯ್ಸಿದ್ ತುಪ್ಪ" ಎಂದರು. ಮೂರನೆಯದನ್ನು ಬಾಯಲ್ಲಿ ಬಹಳ ಹೊತ್ತು ಆಡಿಸಿ ಉಗಿದು, "ದ್ರಾಕ್ಷಿ, ಜೇನುತುಪ್ಪ. ಮರ ಕೈ ಇಡ್ಕಂಡು ನಡೆಸ್ದಂಗದೆ" ಎಂದರು. ವ್ಯಾಪಾರಿಗಳೂ ಮೂಸಿದರು, ಯಜಮಾನರೂ ಮೂಸಿದರು. ಹೌದು ಹೌದು, ದ್ರಾಕ್ಷಿ ಚೆನ್ನಾಗಿ ಗೊತ್ತಾಗುತ್ತದೆ ಎಂದು ತಲೆಯಾಡಿಸಿದರು. ದೊಡ್ಡವರು ಹೇಳಿದ ಮೇಲೆ ನೀರಿನಲ್ಲೂ ದ್ರಾಕ್ಷಿ ಸಿಗುತ್ತದೆ.

ನಾನು ಒಂದು ಬಿಳಿ ಗಾಜಿನ ಲೋಟ ಹಿಡಿದುಕೊಂಡು ಅವರ ಪಕ್ಕಕ್ಕೆ ಹೋಗಿ ಬಗ್ಗಿ ಮೆಲ್ಲಗೆ ಕೇಳಿದೆ. "ಸಾರ್, ಮೂರ್ನೇದನ್ನ ಇದಕ್ಕೆ ಸುರೀಲಾ?"

ಅವರು ಗೋಡೆಯ ಕಡೆ ನೋಡಿದರು. ಮೂರು ಬಾಟಲಿಗಳಲ್ಲಿ ಎರಡರ ಸೀಲು ಹಾಗೇ ಇತ್ತು. ದಡ್ಡರಲ್ಲ, ತಕ್ಷಣ ತಿಳಿಯಿತು. ಕರ್ಚೀಫು ತೆಗೆದು ಬಾಯಿ ಒರೆಸಿಕೊಂಡರು. "ಏನ್ ಬೇಕು ನಿಂಗೆ?"

"ಆವತ್ತಿನ ಚೀಟಿ ಯಾರ್ದು ಅಂತ ಹೇಳ್ಬಿಡಿ. ಇವ್ರ ಮುಂದೆ. ಅಷ್ಟೇ. ನಾನು ಲೋಟ ಎತ್ಕೊಂಡು ಹೋಗ್ತೀನಿ."

ಅವರು ಯೋಚಿಸಿದರು. ಅದನ್ನು ನಾನು ಕಣ್ಣಾರೆ ಕಂಡೆ. ಮೂಗಿಲ್ಲದವನು ಅನ್ನಿಸಿಕೊಳ್ಳುವುದೋ, ಕದ್ದವನು ಅನ್ನಿಸಿಕೊಳ್ಳುವುದೋ ಎಂದು ತೂಗಿ ನೋಡಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಸುರಿಯಮ್ಮಿ" ಎಂದರು.

ಸುರಿದೆ. ಬಾವಿ ನೀರಿನ ಹಾಗೆ ಬೆಳ್ಳಗಿತ್ತು. ಕೆಮಿಸ್ಟರು ಎದ್ದು ನಿಂತು ಕೈ ಮುಗಿದರು. "ಕೊರೊನಾ ಬಂದಾಗಿಂದ ನಂಗೆ ವಾಸ್ನೆ ಇಲ್ಲ ಸ್ವಾಮಿ. ಮನೇಲೂ ಯೇಳಿಲ್ಲ. ಮೂಗೇ ನನ್ ಅನ್ನ ಆಗಿತ್ತು, ಎಂಗೆ ಯೇಳ್ಲಿ? ಇವತ್ತು ಈ ಅಮ್ಮಿ ನನ್ ಭಾರ ಇಳ್ಸುದ್ಲು."

ಯಜಮಾನರು ಎದ್ದು ಅವರನ್ನು ತಬ್ಬಿಕೊಂಡರು. ವ್ಯಾಪಾರಿಯೊಬ್ಬರ ಕಣ್ಣು ಒದ್ದೆಯಾಗಿತ್ತು. ನೀರಿನಲ್ಲಿ ದ್ರಾಕ್ಷಿ ಕಂಡಿದ್ದ ಅವರಿಗೂ ಈ ಕಣ್ಣೀರು ಅನುಕೂಲವಾಗಿಯೇ ಬಂತು. "ಹುಷಾರಿಲ್ಲದೋರನ್ನ ಹಿಂಗಾ ಮಾಡೋದು? ಒಬ್ರೇ ಇದ್ದಾಗ ಹೇಳ್ಬಹುದಾಗಿತ್ತಲ್ಲಮ್ಮ" ಎಂದು ಯಜಮಾನರು ನನಗೆ ಬುದ್ಧಿ ಹೇಳಿದರು. ಕೆಮಿಸ್ಟರು ಅಲ್ಲಿಗೂ ನಿಲ್ಲಿಸಲಿಲ್ಲ. "ಬೈಬ್ಯಾಡಿ. ನನ್ ಜಾಗಕ್ಕೆ ಇವಳ್ನೇ ಆಕಿ. ನನ್ ಶಿಷ್ಯೆ, ನಾನೇ ತಯಾರು ಮಾಡಿರೋದು" ಎಂದರು. ಕೋಣೆ ನನಗೆ ಸಿಕ್ಕಿತು, ಅವರ ಕೈಯಿಂದ ದಾನ ಸಿಕ್ಕ ಹಾಗೆ. ಹೊಡೆಯಲು ಎತ್ತಿದ ಕೋಲನ್ನೇ ಕಿತ್ತುಕೊಂಡು ಊರಿಕೊಂಡು ನಡೆದುಹೋದರು.

ಅವರು ನಿವೃತ್ತರಾದ ಮೇಲೆ ಒಂದೇ ಸಲ ಸಿಕ್ಕಿದ್ದು, ಹೋದ ವರ್ಷ, ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ. ಬಡವಾಗಿದ್ದರು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು. ಇನ್ನು ಹಚ್ಚಿದರೇನು, ಬಿಟ್ಟರೇನು.

"ಇನ್ನೂ ಸಿಟ್ಟಾ ಅಮ್ಮಿ?"

"ಚೀಟಿ ಯಾರ್ದು ಸಾರ್?"

ಮದ್ದೂರಿನ ಬಸ್ಸು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ಹೇಳಿದರು. "ನಿಂದೇ ಕಣಮ್ಮಿ. ತಳ ಹಿಡಿದ ಕೊಪ್ಪರಿಗೆ... ಅಂತಾ ಮಾತು ನಂಗೆಲ್ಲಿ ಒಳೀಬೇಕು? ಬುಡು ಅತ್ಲಾಗೆ." ಬಸ್ಸು ಹೊರಟಿತು. ಸುತ್ತ ನೋಡಿದೆ. ಕಡ್ಲೆಕಾಯಿ ಮಾರುವ ಒಬ್ಬ ಮುದುಕಿ ಬಿಟ್ಟರೆ ಯಾರೂ ಇರಲಿಲ್ಲ. ಅವಳಿಗೆ ಕಿವಿ ಮಂದ.

ನಾನು ಬಿಡಲಿಲ್ಲ. ಅವರು ಸತ್ತ ಸುದ್ದಿ ಬಂದಾಗ ಅತ್ತೆ, ನಿಜ. ಹೇಳಬೇಕಾದದ್ದನ್ನು ಹೇಳಬೇಕಾದವರ ಮುಂದೆ ಹೇಳದೆ ಹೋದರಲ್ಲ ಎಂದು ಅತ್ತೆ. ಇವತ್ತಿಗೂ ಕೋಣೆಯಲ್ಲಿ ಕಪ್ಪು ಲೋಟವೇ ಇದೆ, ಎಳೆಯದು ಎಡಕ್ಕೇ ಇದೆ. ಕೆಲಸದ ದಿನ ನಾನು ಹೂ ಮುಡಿಯುವುದಿಲ್ಲ. ಆ ನಿಯಮಗಳು ಸರಿಯಾದವು, ಅವರವೇ, ಅವಕ್ಕೆ ಅವರ ಹೆಸರಿರಲಿ. ಅವರದನ್ನು ನಾನು ನನ್ನದೆಂದು ಯಾವತ್ತೂ ಹೇಳಿಲ್ಲ.

ಗುಮಾಸ್ತರೇ, ನಾಲ್ಕು ಪುಟ ಕೇಳಿದಿರಿ, ತೆಗೆದುಕೊಳ್ಳಿ. ಮುಖಪುಟದಲ್ಲಿ ಅವರ ಫೋಟೋ ಇರಲಿ, ಅಡ್ಡಿಯಿಲ್ಲ. ಕೆಳಗಿನ ಆ ಮಾತನ್ನು ತೆಗೆಯಿರಿ, ಇಲ್ಲವೇ ಆಲೆಮನೆಯಲ್ಲಿ ಪಾಕ ನೋಡುತ್ತಿದ್ದ ನಮ್ಮಪ್ಪನ ಮಾತು ಎಂದು ಹಾಕಿ. ಅಪ್ಪನ ಹೆಸರು ನಿಮ್ಮ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ಇದೆ, ಹುಡುಕುವ ಕಷ್ಟವಿಲ್ಲ. ಇನ್ನು ಈ ಬರಹದಲ್ಲಿ ನಿಮ್ಮ ಸಾಹೇಬರ ಹೆಸರು ಒಂದು ಕಡೆಯೂ ಇಲ್ಲವೆಂದು ನೀವು ಸೇರಿಸಲು ಹೋಗಬೇಡಿ. ನಮ್ಮ ಮಾತು ಹನ್ನೊಂದು ವರ್ಷ ಹೆಸರಿಲ್ಲದೆ ತಿರುಗಿದೆ. ಅವರು ನಾಲ್ಕು ಪುಟ ಹೆಸರಿಲ್ಲದೆ ಇರಲಿ.